ಹೊತ್ತು ಮುಳುಗುವ ಮುನ್ನ ಒಂದು ಊಟ

ಹಾರನಹಳ್ಳಿಯ ಸುತ್ತಮುತ್ತ ರಾತ್ರಿ ಊಟಕ್ಕೆ ತಟ್ಟೆ ಹಾಕುವ ಹೊತ್ತನ್ನು ಈಗ ಗೊತ್ತುಮಾಡುವುದು ಟೀವಿ. ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಮುದ್ದೆ ಕಟ್ಟಿ ಸಾರು ಬಿಸಿ ಮಾಡಬೇಕು. ಊಟ ಮುಗಿಯುವಾಗ ಗಂಟೆ ಒಂಬತ್ತೂವರೆ, ಕೆಲವು ದಿನ ಹತ್ತು. ತೊಳೆದ ಕೈ ಆರುವ ಮುಂಚೆಯೇ ಹಾಸಿಗೆ. ಎಪ್ಪತ್ತು ದಾಟಿದ ಹಿರಿಯರೂ ಮನೆಯವರೊಂದಿಗೆ ಅದೇ ಹೊತ್ತಿಗೆ ಉಣ್ಣುತ್ತಾರೆ. ಅವರ ಬಾಲ್ಯದಲ್ಲಿ ಹೀಗಿರಲಿಲ್ಲ. ಸೀಮೆಎಣ್ಣೆ ಬುಡ್ಡಿಯ ಆ ದಿನಗಳಲ್ಲಿ ದನ ಕೊಟ್ಟಿಗೆ ಸೇರಿದ ಸ್ವಲ್ಪ ಹೊತ್ತಿಗೆ ಊಟ ಮುಗಿದಿರುತ್ತಿತ್ತು. ಎಣ್ಣೆ ಉಳಿಸಬೇಕೆಂಬುದೇ ಅದಕ್ಕೆ ಕಾರಣ. ಆರೋಗ್ಯದ ವಿಚಾರ ಯಾರ ತಲೆಯಲ್ಲೂ ಇರಲಿಲ್ಲ.

ಈಗ ಅದೇ ಪದ್ಧತಿ ಮೊಬೈಲಿನ ಮೂಲಕ ಹೊಸ ಹೆಸರು ಹೊತ್ತು ಮನೆಗೆ ಬಂದಿದೆ. ಎಂಟು ಗಂಟೆ ಊಟದ ಅವಧಿ, ಹದಿನಾರು ಗಂಟೆ ಉಪವಾಸ ಎಂಬ ಲೆಕ್ಕದ ವಿಡಿಯೋಗಳನ್ನು ನೋಡಿದ ಕಾಲೇಜು ಹುಡುಗ, "ತಾತ, ರಾತ್ರಿ ಊಟ ಬಿಟ್ಬುಡು, ಶುಗರ್ರು ಇಳೀತದಂತೆ" ಎನ್ನುತ್ತಾನೆ. ಮೊಮ್ಮಗನ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಕೆಲವು ಹಿರಿಯರಿಗೆ ಅಪಾಯ ತರುವಂಥದು. ಎರಡನ್ನೂ ಬಿಡಿಸಿ ನೋಡಬೇಕಾದರೆ ದೇಹ ಹೊತ್ತನ್ನು ಹೇಗೆ ಅರಿಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಒಳಗಿನ ಗಡಿಯಾರ

1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೇರಾನ್ ಒಂದು ಮುಟ್ಟಿದರೆ ಮುನಿ ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದ. ಹಗಲಾಗಿದೆ ಎಂದು ಹೇಳುವ ಬೆಳಕೇ ಇಲ್ಲದಿದ್ದರೂ ಗಿಡ ಹಗಲು ಹೊತ್ತಿಗೆ ಎಲೆ ಬಿಚ್ಚುತ್ತಿತ್ತು, ರಾತ್ರಿಗೆ ಮುಚ್ಚುತ್ತಿತ್ತು. ಜೀವಿಯ ಒಳಗೇ ಹೊತ್ತಿನ ಲೆಕ್ಕವಿದೆ ಎಂಬುದಕ್ಕೆ ಸಿಕ್ಕ ಮೊದಲ ಸುಳಿವು ಅದು. ಹಣ್ಣಿನ ನೊಣಗಳಲ್ಲಿ ಈ ಗಡಿಯಾರವನ್ನು ನಡೆಸುವ ಜೀನ್‌ಗಳನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರು ಅಮೆರಿಕನ್ನರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇದೇ ನೊಣಗಳ ಮೇಲೆ ಜೈವಿಕ ಗಡಿಯಾರದ ಸಂಶೋಧನೆ ನಡೆದಿದೆ. ಬಾಳೆಹಣ್ಣಿನ ಮೇಲೆ ಗುಂಯ್ ಎನ್ನುವ ಈ ನೊಣವನ್ನು ಹೀಗಳೆಯುವಂತಿಲ್ಲ!

ಮನುಷ್ಯನಲ್ಲಿ ಯಜಮಾನ ಗಡಿಯಾರವಿರುವುದು ಮಿದುಳಿನ ಬುಡದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ. ಅದು ಬೆಳಕನ್ನು ನೋಡಿ ನಡೆಯುತ್ತದೆ. ಅದೊಂದೇ ಅಲ್ಲ, ಪಿತ್ತಜನಕಾಂಗ, ಮೇದೋಜೀರಕ, ಕರುಳು, ಸ್ನಾಯು ಎಲ್ಲಕ್ಕೂ ತಮ್ಮ ತಮ್ಮ ಗಡಿಯಾರಗಳಿವೆ. ಪಿತ್ತಜನಕಾಂಗದ ಗಡಿಯಾರ ಬೆಳಕಿಗಿಂತ ಹೆಚ್ಚಾಗಿ ಊಟದ ಹೊತ್ತಿಗೆ ಕಿವಿಗೊಡುತ್ತದೆ. ಕತ್ತಲಾಗಿ ಮಿದುಳು ನಿದ್ರೆಗೆ ಅಣಿಯಾಗುತ್ತಿರುವಾಗ ಹೊಟ್ಟೆಗೆ ಮುದ್ದೆ ಬಿದ್ದರೆ ಒಂದು ಗಡಿಯಾರ ರಾತ್ರಿಯೆಂದೂ ಇನ್ನೊಂದು ಹಗಲೆಂದೂ ಹೇಳತೊಡಗುತ್ತವೆ.

ಇದರ ಪರಿಣಾಮ ರಕ್ತದ ಸಕ್ಕರೆಯಲ್ಲಿ ಕಾಣುತ್ತದೆ. ಬೆಳಿಗ್ಗೆ ಎಂಟಕ್ಕೆ ತಿಂದ ಊಟವನ್ನೇ ರಾತ್ರಿ ಎಂಟಕ್ಕೂ ತಿಂದರೆ, ಸಕ್ಕರೆ ರಾತ್ರಿಯೇ ಹೆಚ್ಚು ಏರುತ್ತದೆ, ಇಳಿಯಲೂ ಹೆಚ್ಚು ಹೊತ್ತು ಬೇಕು. ಸಂಜೆಯ ನಂತರ ಇನ್ಸುಲಿನ್‌ನ ಕೆಲಸ ಮಂದವಾಗುವುದು ಒಂದು ಕಾರಣ. ಕತ್ತಲಾದ ಮೇಲೆ ಸ್ರವಿಸುವ ಮೆಲಟೋನಿನ್ ಎಂಬ ನಿದ್ರೆಯ ಹಾರ್ಮೋನು ಇನ್ಸುಲಿನ್ ಬಿಡುಗಡೆಗೆ ತಡೆ ಹಾಕುವುದು ಇನ್ನೊಂದು. ವಯಸ್ಸಾದಂತೆ ಇನ್ಸುಲಿನ್‌ನ ಶಕ್ತಿ ಹೇಗೂ ಕುಂದುತ್ತದೆ. ಅದರ ಮೇಲೆ ಹತ್ತು ಗಂಟೆಯ ಊಟವೆಂದರೆ ಸೋತ ಎತ್ತಿಗೆ ಏರುದಾರಿ.

ಇಲಿ ಹೇಳಿದ್ದು, ಮನುಷ್ಯ ಹೇಳಿದ್ದು

2012ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಒಡಿಶಾ ಮೂಲದ ವಿಜ್ಞಾನಿ ಸಚ್ಚಿದಾನಂದ ಪಾಂಡ ಅವರ ತಂಡ ಎರಡು ಗುಂಪು ಇಲಿಗಳಿಗೆ ಒಂದೇ ಬಗೆಯ ಜಿಡ್ಡಿನ ಆಹಾರವನ್ನು ಕೊಟ್ಟಿತು. ಒಂದು ಗುಂಪಿಗೆ ಹಗಲೂ ರಾತ್ರಿಯೂ ಸಿಗುವಂತೆ, ಇನ್ನೊಂದಕ್ಕೆ ಎಂಟು ಗಂಟೆ ಮಾತ್ರ. ಎರಡೂ ಗುಂಪು ತಿಂದ ಕ್ಯಾಲರಿ ಒಂದೇ. ಯಾವಾಗಲೂ ಮೇಯುತ್ತಿದ್ದ ಇಲಿಗಳು ಊದಿದವು, ಅವುಗಳ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿತು. ಹೊತ್ತಿಗೆ ತಿಂದವು ಬಹುಮಟ್ಟಿಗೆ ಪಾರಾದವು. 'ಎಷ್ಟು' ಎಂಬುದರ ಜೊತೆಗೆ 'ಯಾವಾಗ' ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂಬ ಮಾತಿಗೆ ಬಲ ಬಂದದ್ದು ಆಗ.

ಆಯುಸ್ಸಿನ ಮಾತು ಇನ್ನೂ ಹಳೆಯದು. ಕಡಿಮೆ ತಿಂದ ಇಲಿಗಳು ಹೆಚ್ಚು ಕಾಲ ಬದುಕುತ್ತವೆ ಎಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ಮೆಕೇ 1935ರಲ್ಲೇ ತೋರಿಸಿದ್ದ. 2022ರಲ್ಲಿ ಟೆಕ್ಸಾಸಿನ ಡಲ್ಲಾಸ್‌ನಲ್ಲಿ ಈ ಪ್ರಯೋಗಕ್ಕೆ ಗಡಿಯಾರವನ್ನೂ ಸೇರಿಸಿದರು. ಕಡಿಮೆ ಆಹಾರವನ್ನು ಇಡೀ ದಿನಕ್ಕೆ ಹಂಚಿ ಕೊಟ್ಟಾಗ ಇಲಿಗಳ ಆಯುಸ್ಸು ಸುಮಾರು ಶೇ. 10ರಷ್ಟು ಹೆಚ್ಚಿತು. ಅಷ್ಟೇ ಆಹಾರವನ್ನು ರಾತ್ರಿ ಮಾತ್ರ ಕೊಟ್ಟಾಗ ಶೇ. 35ರಷ್ಟು! ಇಲಿ ನಿಶಾಚರಿ, ಅದರ ರಾತ್ರಿಯೇ ನಮ್ಮ ಹಗಲು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಇಲಿಯ ಒಂದು ದಿನದ ಉಪವಾಸ ಮನುಷ್ಯನ ಒಂದು ದಿನದ ಉಪವಾಸಕ್ಕೆ ಸಮವಲ್ಲ ಎಂಬುದನ್ನೂ ನೆನಪಿಡಬೇಕು. ಪುಟ್ಟ ದೇಹದ ಇಲಿ ಒಂದು ದಿನ ಉಪವಾಸವಿದ್ದರೆ ಕಣ್ಣಿಗೆ ಕಾಣುವಷ್ಟು ತೂಕ ಕಳೆದುಕೊಳ್ಳುತ್ತದೆ.

ಮನುಷ್ಯರ ಮೇಲಿನ ಪರೀಕ್ಷೆಗಳು ಇಷ್ಟು ಉತ್ಸಾಹದ ಫಲಿತಾಂಶ ಕೊಟ್ಟಿಲ್ಲ. 2022ರಲ್ಲಿ ಪ್ರಕಟವಾದ ಚೀನದ ಗ್ವಾಂಗ್‌ಝೌ ನಗರದ ಪರೀಕ್ಷೆಯಲ್ಲಿ 139 ಸ್ಥೂಲಕಾಯರಿದ್ದರು. ಎಲ್ಲರಿಗೂ ಕ್ಯಾಲರಿ ಕಡಿತ. ಅರ್ಧ ಜನರಿಗೆ ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಣ್ಣುವ ಕಟ್ಟಳೆ. ವರ್ಷದ ಕೊನೆಗೆ ಇವರು ಸರಾಸರಿ 8 ಕೆ.ಜಿ. ಇಳಿದರೆ ಉಳಿದವರು 6.3 ಕೆ.ಜಿ. ಇಳಿದಿದ್ದರು. ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು ಎಂದು ಸಂಖ್ಯಾಶಾಸ್ತ್ರ ಹೇಳಿತು. 2020ರ ಅಮೆರಿಕದ ಇನ್ನೊಂದು ಪರೀಕ್ಷೆಯಲ್ಲಿ 116 ಜನರ ಪೈಕಿ ಒಂದು ಗುಂಪು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮಾತ್ರ ಉಂಡಿತು. ಹನ್ನೆರಡು ವಾರಕ್ಕೆ ಇಳಿದದ್ದು ಒಂದು ಕೆ.ಜಿ.ಗಿಂತ ಕಡಿಮೆ. ಅದರಲ್ಲೂ ಕೊಬ್ಬಿಗಿಂತ ಸ್ನಾಯುವಿನ ಕಡೆಯ ನಷ್ಟವೇ ಹೆಚ್ಚಾಗಿ ಕಂಡಿತು. ಬೆಳಗಿನ ತಿಂಡಿ ಬಿಟ್ಟು ರಾತ್ರಿ ಊಟ ಉಳಿಸಿಕೊಂಡವರ ಕಥೆ ಇದು. ಮೊಬೈಲ್ ನೋಡಿ ಉಪವಾಸ ಮಾಡುವ ಬಹಳಷ್ಟು ಜನ ಇದೇ ದಾರಿ ಹಿಡಿಯುತ್ತಾರೆ, ಸುಲಭವೆಂದು.

ಇದಕ್ಕೆ ವಿರುದ್ಧ ದಿಕ್ಕಿನದು 2018ರಲ್ಲಿ ಅಲಬಾಮದಲ್ಲಿ ನಡೆದದ್ದು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಎಂಟು ಗಂಡಸರು ಐದು ವಾರ ಮಧ್ಯಾಹ್ನ ಮೂರರೊಳಗೆ ದಿನದ ಊಟ ಮುಗಿಸಿದರು. ತೂಕ ಇಳಿಯದಂತೆ ಆಹಾರವನ್ನು ತೂಗಿ ಕೊಡಲಾಗಿತ್ತು. ಆದರೂ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿ ಸುಧಾರಿಸಿತು, ರಕ್ತದೊತ್ತಡ ಇಳಿಯಿತು. ಎಂಟೇ ಜನ ಎಂಬುದು ದೊಡ್ಡ ಮಿತಿ. ಅರವತ್ತೈದು ದಾಟಿದವರ ಮೇಲಿನ ಪರೀಕ್ಷೆಗಳಂತೂ ಇನ್ನೂ ಚಿಕ್ಕವು. 2019ರ ಫ್ಲಾರಿಡಾದ ಪ್ರಯತ್ನದಲ್ಲಿದ್ದವರು ಮೈತೂಕ ಹೆಚ್ಚಿದ ಹತ್ತು ಮಂದಿ ಹಿರಿಯರು. ನಾಲ್ಕು ವಾರದಲ್ಲಿ ಸರಾಸರಿ 2.6 ಕೆ.ಜಿ. ಇಳಿದರು. ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಇಷ್ಟನ್ನು ನಂಬಿಕೊಂಡು ಮುಪ್ಪನ್ನು ಹಿಂದೆ ಸರಿಸುತ್ತೇವೆ ಎನ್ನುವವರ ಧೈರ್ಯ ದೊಡ್ಡದು. ಹದಿನಾರು ಗಂಟೆ ಉಪವಾಸವಿದ್ದರೆ ಜೀವಕೋಶಗಳು ತಮ್ಮ ಕಸವನ್ನು ತಾವೇ ಗುಡಿಸಿಕೊಳ್ಳುತ್ತವೆ ಎಂಬ ಮಾತೂ ಅಂಥದ್ದೇ. ಜೀವಕೋಶದ ಈ ಸ್ವಚ್ಛತೆಯ ಕ್ರಮವನ್ನು ಯೀಸ್ಟ್‌ನಲ್ಲಿ ಬಿಡಿಸಿ ತೋರಿಸಿದ್ದಕ್ಕೆ ಜಪಾನಿನ ಒಸುಮಿ 2016ರ ನೊಬೆಲ್ ಪಡೆದರು, ನಿಜ. ಆದರೆ ಮನುಷ್ಯನಲ್ಲಿ ಇಂತಿಷ್ಟು ಗಂಟೆಗೆ ಅದು ಶುರುವಾಗುತ್ತದೆ ಎಂದು ಯಾರೂ ಸಿದ್ಧಪಡಿಸಿಲ್ಲ.

ಒಟ್ಟಿನಲ್ಲಿ ಉಳಿಯುವುದು ಇಷ್ಟು: ಊಟದ ಅವಧಿಯನ್ನು ಚಿಕ್ಕದು ಮಾಡಿದ್ದಕ್ಕಿಂತ ಅದನ್ನು ಹಗಲಿಗೆ ಸರಿಸಿದ್ದರಲ್ಲಿ ಲಾಭ ಹೆಚ್ಚು ಕಾಣುತ್ತಿದೆ.

ಕಲ್ಲಹಳ್ಳಿಯ ಮಂಗರಸ

ಹಗಲಿನಲ್ಲೇ ಊಟ ಮುಗಿಸುವ ಪದ್ಧತಿಗೆ ಅಲಬಾಮದವರೆಗೆ ಹೋಗಬೇಕಾಗಿಲ್ಲ. ಹುಣಸೂರು ತಾಲ್ಲೂಕಿನ, ದೇವರಾಜ ಅರಸರಿಂದ ನಾಡಿಗೆಲ್ಲ ಪರಿಚಿತವಾದ ಕಲ್ಲಹಳ್ಳಿಯಲ್ಲಿ ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನೆಂಬ ಜೈನ ಕವಿಯಿದ್ದ. ಚಂಗಾಳ್ವ ಅರಸರ ಮಂತ್ರಿ ಮನೆತನದವನು. ಕಾವ್ಯಗಳ ಜೊತೆಗೆ 'ಸೂಪಶಾಸ್ತ್ರ'ವೆಂಬ ಅಡಿಗೆಯ ಗ್ರಂಥವನ್ನೂ ಬರೆದ. ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನದ ಬಗೆಗಳು, ಬದನೆಕಾಯಿಯ ಬಗೆಬಗೆಯ ಅಡಿಗೆ ಎಲ್ಲವೂ ಅದರಲ್ಲಿ ಪದ್ಯರೂಪದಲ್ಲಿವೆ. ಇಷ್ಟೆಲ್ಲ ರುಚಿ ಬಲ್ಲವನು ಹುಟ್ಟಿ ಬೆಳೆದ ಧರ್ಮದಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ! ಕೃಷ್ಣರಾಜನಗರದ ಕಡೆಯ ಚಿಕ್ಕ ಹನಸೋಗೆಯಲ್ಲಿ ಇಂದಿಗೂ ನಿಂತಿರುವ ತ್ರಿಕೂಟ ಬಸದಿ ಈ ಸೀಮೆಯಲ್ಲಿ ಆ ಧರ್ಮ ಎಷ್ಟು ಬಲವಾಗಿತ್ತೆಂಬುದಕ್ಕೆ ಸಾಕ್ಷಿ.

ಜೈನರ ರಾತ್ರಿಭೋಜನ ತ್ಯಾಗಕ್ಕೆ ಕಾರಣ ಅಹಿಂಸೆ. ದೀಪದ ಬೆಳಕಿಗೆ ಬರುವ ಹುಳುಹುಪ್ಪಟೆ ಊಟದಲ್ಲಿ ಬಿದ್ದು ಸಾಯಬಾರದು. ಕಟ್ಟುನಿಟ್ಟಾಗಿ ನಡೆಯುವವರು ಸೂರ್ಯೋದಯದ ನಂತರದ ಎರಡು ಗಳಿಗೆಯನ್ನೂ ಸೂರ್ಯಾಸ್ತಕ್ಕೆ ಮುಂಚಿನ ಎರಡು ಗಳಿಗೆಯನ್ನೂ ಬಿಟ್ಟು ಉಣ್ಣುತ್ತಾರೆ. ಒಂದು ಗಳಿಗೆಗೆ 24 ನಿಮಿಷ. ಇಲ್ಲೊಂದು ಲೆಕ್ಕ ಮಾಡಬಹುದು. ಮೈಸೂರು ಸೀಮೆಯಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು ಹನ್ನೊಂದೂವರೆ ಗಂಟೆ, ಜೂನ್ ಕೊನೆಯದು ಹದಿಮೂರಕ್ಕೆ ಸ್ವಲ್ಪ ಕಡಿಮೆ. ನಾಲ್ಕು ಗಳಿಗೆ, ಎಂದರೆ 96 ನಿಮಿಷ ಕಳೆದರೆ ಊಟಕ್ಕೆ ಸಿಗುವ ಅವಧಿ ಚಳಿಗಾಲದಲ್ಲಿ ಹತ್ತಕ್ಕೆ ಹತ್ತಿರ, ಬೇಸಿಗೆಯ ಕೊನೆಯಲ್ಲಿ ಹನ್ನೊಂದೂಕಾಲು ಗಂಟೆ. ಇಂದಿನ ವಿಜ್ಞಾನಿಗಳು ಅನೇಕ ಪರೀಕ್ಷೆಗಳಲ್ಲಿ ಇಟ್ಟುಕೊಂಡಿರುವುದೂ ಹತ್ತು ಗಂಟೆಯ ಆಸುಪಾಸಿನ ಅವಧಿಯನ್ನೇ.

ಹಾಗೆಂದು ಜೈನರು ಇದರಿಂದಲೇ ಹೆಚ್ಚು ಆರೋಗ್ಯವಂತರು ಎಂದುಬಿಟ್ಟರೆ ಅದು ವಿಜ್ಞಾನವಾಗುವುದಿಲ್ಲ. ವ್ರತ ಹಿಡಿದವರು ಮದ್ಯ ಮಾಂಸಗಳಿಂದಲೂ ದೂರ. ಒಂದರ ಪರಿಣಾಮವನ್ನು ಇನ್ನೊಂದರಿಂದ ಬೇರ್ಪಡಿಸದೆ ತೀರ್ಪು ಕೊಡುವಂತಿಲ್ಲ. ಈ ಪದ್ಧತಿಯಿಂದ ಖಂಡಿತವಾಗಿ ತಿಳಿಯುವುದು ಬೇರೆ: ಹೊತ್ತಿಗೆ ಮುಂಚೆ ಉಂಡು ಬದುಕುವುದು ಸಾಧ್ಯ, ಮುದುಕರಿಗೂ ಮಕ್ಕಳೊಂದಿಗರಿಗೂ ಸಾಧ್ಯ, ಅದೂ ಶತಮಾನಗಳ ಕಾಲ. ಹದಿನಾರು ಗಂಟೆಯ ಉಪವಾಸಕ್ಕೆ ಇಂಥ ಚರಿತ್ರೆಯಿಲ್ಲ.

ಇಲ್ಲಿನ ಹಿರಿಯರ ಮೈಕಟ್ಟು

ಗ್ವಾಂಗ್‌ಝೌನ ಸ್ಥೂಲಕಾಯರಿಗೂ ಪಿರಿಯಾಪಟ್ಟಣ ತಾಲ್ಲೂಕಿನ ರೈತನಿಗೂ ಹೋಲಿಕೆ ಕಡಿಮೆ. ಈ ವಿಷಯದಲ್ಲಿ ಮೈಸೂರಿನದೇ ಒಂದು ದೊಡ್ಡ ಕೊಡುಗೆಯಿದೆ. ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳ ದಾಖಲೆ ಉಳಿದುಬಂದಿತ್ತು. ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. 1996ರಲ್ಲಿ 517 ಜನರ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇದ್ದರೆ, 3.1 ಕೆ.ಜಿ. ದಾಟಿ ಹುಟ್ಟಿದವರಲ್ಲಿ ನೂರಕ್ಕೆ ಮೂವರಿಗೆ. ಈ ಪೈಕಿ ಹಲವರನ್ನು 55 ದಾಟಿದ ಮೇಲೆ ಮತ್ತೆ ಕರೆಸಿ ನೆನಪಿನ ಶಕ್ತಿಯನ್ನೂ ದೇಹಸ್ಥಿತಿಯನ್ನೂ ನೋಡಿದ್ದಾರೆ.

ಚಿಕ್ಕದಾಗಿ ಹುಟ್ಟಿ, ತೆಳ್ಳಗೆ ಬೆಳೆದು, ನಡುವಯಸ್ಸಿನಲ್ಲಿ ಹೊಟ್ಟೆ ಬಂದವರು ನಮ್ಮಲ್ಲಿ ಬಹಳ. ಕೈಕಾಲು ಸಣ್ಣ, ಸ್ನಾಯು ಕಡಿಮೆ, ಕೊಬ್ಬು ಹೊಟ್ಟೆಯ ಒಳಗೆ. ಇಂಥವರು ತೂಕ ಇಳಿಸಲು ಹೊರಟರೆ ಮೊದಲೇ ಕಡಿಮೆಯಿರುವ ಸ್ನಾಯುವೂ ಕರಗುತ್ತದೆ. ಅರವತ್ತು ದಾಟಿದ ಮೇಲೆ ಸ್ನಾಯು ತಾನಾಗಿಯೇ ಕ್ಷೀಣಿಸುತ್ತಿರುತ್ತದೆ; ಒಮ್ಮೆ ಹೋದದ್ದನ್ನು ಮತ್ತೆ ಗಳಿಸುವುದು ಕಷ್ಟ. ಬಚ್ಚಲಿನಲ್ಲಿ ಜಾರಿದಾಗ ಹಿಡಿದು ನಿಲ್ಲಿಸುವುದು, ಕೂತಲ್ಲಿಂದ ಎಬ್ಬಿಸುವುದು ಆ ಸ್ನಾಯುವೇ. ಸೊಂಟದ ಮೂಳೆ ಮುರಿದು ಮಂಚ ಹಿಡಿದ ಅಜ್ಜಿಗೆ ಸಕ್ಕರೆಯ ಅಂಕಿ ಚೆನ್ನಾಗಿದ್ದು ಏನು ಪ್ರಯೋಜನ?

ಹಿರಿಯರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ಒಂದು ಗ್ರಾಂ, ಸಾಧ್ಯವಾದರೆ ಸ್ವಲ್ಪ ಹೆಚ್ಚು, ಪ್ರೋಟೀನು ಬೇಕೆಂದು ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆಯಿದ್ದವರ ಲೆಕ್ಕ ಬೇರೆ. ಅದನ್ನು ವೈದ್ಯರೇ ಹೇಳಬೇಕು. 50 ಕೆ.ಜಿ. ತೂಗುವ ಅಜ್ಜಿಗೆ ದಿನಕ್ಕೆ 50 ಗ್ರಾಂ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಣ್ಣದ ಅಂಶ ಸುಮಾರು 350 ಮಿಲಿಗ್ರಾಂ, ಅದು ಭೇಷ್. ಪ್ರೋಟೀನು ಮಾತ್ರ ಏಳೇ ಗ್ರಾಂ. ನೂರು ಗ್ರಾಂ ಹುರುಳಿಕಾಳಿನಲ್ಲಿ ಇಪ್ಪತ್ತೆರಡರ ಆಸುಪಾಸು, ಒಂದು ಮೊಟ್ಟೆಯಲ್ಲಿ ಆರು, ದೊಡ್ಡ ಲೋಟ ಹಾಲಿನಲ್ಲಿ ಆರೇಳು. ಎರಡು ಹೊತ್ತು ಮುದ್ದೆ ಮತ್ತು ಬರಿಯ ಸೊಪ್ಪಿನ ಸಾರು ಉಣ್ಣುವವರು ಅದರಲ್ಲೊಂದು ಹೊತ್ತನ್ನೂ ಬಿಟ್ಟರೆ ಈ ಲೆಕ್ಕ ಎಂದಿಗೂ ಮುಟ್ಟುವುದಿಲ್ಲ. ಹಲ್ಲಿಲ್ಲದವರಿಗೆ ಕಾಳು ಬೇಯಿಸಿ ಅರೆದ ಸಾರು, ಮಜ್ಜಿಗೆ, ಮೊಟ್ಟೆ ಆಗಬಹುದು.

ಮಾತ್ರೆಯ ಮಾತು

ನಿಜವಾದ ಅಪಾಯ ಇಲ್ಲಿದೆ. ಸಕ್ಕರೆ ಕಾಯಿಲೆಯ ಮಾತ್ರೆಗಳೆಲ್ಲ ಒಂದೇ ಜಾತಿಯವಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಊಟ ತಪ್ಪಿದರೂ ಸಕ್ಕರೆ ಪಾತಾಳಕ್ಕಿಳಿಯುವುದು ಅಪರೂಪ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥವು ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಬಿಡಿಸುತ್ತವೆ. ಊಟ ಬರುತ್ತದೋ ಇಲ್ಲವೋ ಎಂದು ಅವು ಕಾಯುವುದಿಲ್ಲ. ಇನ್ಸುಲಿನ್ ಚುಚ್ಚುಮದ್ದೂ ಹಾಗೆಯೇ. ಮೊಮ್ಮಗನ ಮಾತು ಕೇಳಿ ತಾತ ರಾತ್ರಿಯ ಮುದ್ದೆ ಬಿಟ್ಟು ರಾತ್ರಿಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದರೆ, ನಡುರಾತ್ರಿಯಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ಕೈನಡುಕ, ಎದೆ ಹೊಡೆದುಕೊಳ್ಳುವುದು, ಮಾತು ತಬ್ಬಿಬ್ಬಾಗುವುದು ಇದರ ಗುರುತು. ವಯಸ್ಸಾದವರಲ್ಲಿ ಬೆವರು ನಡುಕಗಳು ಕಾಣದೆಯೇ ನೇರವಾಗಿ ಮಂಕು ಕವಿಯುವುದುಂಟು. ಮನೆಯವರು ಅದನ್ನು ನಿದ್ದೆಗಣ್ಣೆಂದು ಬಿಟ್ಟುಬಿಡುತ್ತಾರೆ. ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಬೇಕು. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಆದ್ದರಿಂದ ಊಟದ ಹೊತ್ತನ್ನು ಬದಲಿಸುವ ಮುಂಚೆ ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ, "ಊಟ ಏಳಕ್ಕೆ ತರುತ್ತೇವೆ, ಮಾತ್ರೆ ಯಾವಾಗ?" ಎಂದು ಕೇಳಲೇಬೇಕು. ರಕ್ತದೊತ್ತಡಕ್ಕೆ, ನೀರು ಇಳಿಸುವುದಕ್ಕೆ ಮಾತ್ರೆ ತೆಗೆದುಕೊಳ್ಳುವವರೂ ಅಷ್ಟೇ. ಉಪವಾಸವೆಂದು ನೀರನ್ನೂ ಬಿಟ್ಟರೆ ಎದ್ದು ನಿಂತಾಗ ತಲೆ ಸುತ್ತಿ ಬೀಳುತ್ತಾರೆ. ಮೊದಲೇ ಸೊರಗಿದವರು, ಹೇಳದೆ ಕೇಳದೆ ತೂಕ ಇಳಿಯುತ್ತಿರುವವರು, ಕಾಯಿಲೆಯಿಂದ ಈಗಷ್ಟೇ ಎದ್ದವರು ಇದರ ತಂಟೆಗೇ ಹೋಗಬಾರದು. ಬೆಳೆಯುವ ಮಕ್ಕಳೂ ಅಷ್ಟೆ. ಪರೀಕ್ಷೆಗೆ ಓದುವ ಹುಡುಗಿ ತಿಂಡಿ ಬಿಟ್ಟು ಶಾಲೆಗೆ ಹೋಗುವುದಕ್ಕೆ ಈ ಲೇಖನ ಸಮರ್ಥನೆಯಲ್ಲ.

ಬ್ಯಾರನ್ನಿನ ತಿಂಗಳುಗಳು

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಹೊಗೆಸೊಪ್ಪಿನ ಸೀಮೆ. ಜುಲೈಯಿಂದ ಮೂರು ನಾಲ್ಕು ತಿಂಗಳು ಬ್ಯಾರನ್ನುಗಳಲ್ಲಿ ಬೆಂಕಿ ಆರುವುದಿಲ್ಲ. ಒಂದು ಸಲ ತುಂಬಿದ ಸೊಪ್ಪು ಹದವಾಗಲು ಐದಾರು ದಿನ ಬೇಕು. ಹಗಲೂ ರಾತ್ರಿ ಶಾಖ ನೋಡಿಕೊಳ್ಳಬೇಕು. ಹೊಲದ ಕೆಲಸಕ್ಕೆ ಆಗದ ಹಿರಿಯರನ್ನು ಅನೇಕ ಮನೆಗಳಲ್ಲಿ ಈ ಕಾವಲಿಗೆ ಕೂರಿಸುತ್ತಾರೆ. ನಿದ್ದೆ ತಡೆಯಲು ನಡುರಾತ್ರಿ ಟೀ, ಬನ್ನು, ಉಳಿದ ಅನ್ನ.

2021ರಲ್ಲಿ ಅಮೆರಿಕದಲ್ಲಿ ಹತ್ತೊಂಬತ್ತು ಯುವಜನರನ್ನು ಪ್ರಯೋಗಾಲಯದಲ್ಲಿಟ್ಟು ರಾತ್ರಿ ಪಾಳಿಯ ಹಾಗೆ ಎಚ್ಚರವಿರಿಸಿ ನೋಡಿದರು. ರಾತ್ರಿಯೂ ತಿಂದವರ ರಕ್ತದ ಸಕ್ಕರೆ ಸರಾಸರಿ ಶೇ. 6.4ರಷ್ಟು ಏರಿತು. ಎಚ್ಚರವಿದ್ದರೂ ಹಗಲು ಮಾತ್ರ ತಿಂದವರಲ್ಲಿ ಏರಲಿಲ್ಲ. ಬ್ಯಾರನ್ ಕಾಯುವವರಿಗೆ ಇದಕ್ಕಿಂತ ನೇರವಾದ ಪ್ರಯೋಗ ಸಿಗುವುದು ಕಷ್ಟ. ಏಳು ಗಂಟೆಗೆ ಸರಿಯಾಗಿ ಉಂಡು, ರಾತ್ರಿ ಸಕ್ಕರೆಯಿಲ್ಲದ ಮಜ್ಜಿಗೆಯನ್ನೋ ನೀರನ್ನೋ ಜೊತೆಗಿಟ್ಟುಕೊಂಡು ಕೂರುವುದು ಅವರಿಗೆ ಒಳ್ಳೆಯದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರನ್ನು ಮಾತ್ರ ಒಂಟಿಯಾಗಿ ಕಾವಲಿಗೆ ಬಿಡಬಾರದು. ಒಂದು ತುಂಡು ಬೆಲ್ಲ ಜೇಬಿನಲ್ಲಿರಬೇಕು.

ಏಳು ಗಂಟೆ ಎಂದರೆ

ಹಿರಿಯರಿಗೆ ಬೆಳಿಗ್ಗೆ ಎಂಟಕ್ಕೆ ತಿಂಡಿ, ಮಧ್ಯಾಹ್ನ ಒಂದಕ್ಕೆ ದಿನದ ದೊಡ್ಡ ಊಟ, ಸಂಜೆ ಏಳರೊಳಗೆ ಹಗುರಾದರೂ ಕಾಳಿನಂಶವಿರುವ ಊಟ. ಹನ್ನೊಂದು ಗಂಟೆಯ ಅವಧಿ. ಯಾವ ಹೊತ್ತೂ ತಪ್ಪಲಿಲ್ಲ. ಮಲಗುವುದಕ್ಕೂ ಊಟಕ್ಕೂ ಎರಡು ಮೂರು ಗಂಟೆ ಅಂತರ ಸಿಗುವುದರಿಂದ ಎದೆಯುರಿ, ಹುಳಿತೇಗು ಕಡಿಮೆ. ನೀರನ್ನು ಹಗಲೇ ಹೆಚ್ಚು ಕುಡಿದರೆ ರಾತ್ರಿ ಮೂರು ಸಲ ಏಳುವುದೂ ತಪ್ಪೀತು. ಮೊದಲ ವಾರ ಒಂಬತ್ತಾದಾಗ ಹಸಿವಾದಂತೆ ಅನಿಸುತ್ತದೆ. ಅರ್ಧ ಗಂಟೆ ಅರ್ಧ ಗಂಟೆಯಾಗಿ ಹಿಂದಕ್ಕೆ ತಂದರೆ ಅದೂ ಇರುವುದಿಲ್ಲ.

ಹೇಳುವುದು ಸುಲಭ, ಮಾಡುವವರು ಯಾರು? ಸೊಸೆ ಹೊಲದಿಂದಲೋ ಗಾರ್ಮೆಂಟ್ಸ್‌ನಿಂದಲೋ ಬರುವಾಗಲೇ ಆರೂವರೆ. ಅತ್ತೆಗೊಂದು ಸಲ, ಒಂಬತ್ತಕ್ಕೆ ಗಂಡ ಮಕ್ಕಳಿಗೊಂದು ಸಲ ಒಲೆ ಹಚ್ಚು ಎಂದರೆ ಅವಳ ಆರೋಗ್ಯದ ಗತಿಯೇನು? ಮಧ್ಯಾಹ್ನದ ಕಾಳುಸಾರನ್ನೇ ಎತ್ತಿಟ್ಟು, ಮೊಮ್ಮಗ ಶಾಲೆಯಿಂದ ಬಂದವನು ಬಿಸಿ ಮಾಡಿ, ಅಜ್ಜಿಗೆ ಬಡಿಸಬಹುದು. ಮುದ್ದೆ ಕಟ್ಟಲು ಬಾರದಿದ್ದರೆ ಅನ್ನಕ್ಕೆ ಇಡಲಿ. ಉಪವಾಸದ ವಿಡಿಯೋ ತೋರಿಸುವಷ್ಟು ಹೊತ್ತು ಅವನಿಗಿದ್ದರೆ ಕುಕ್ಕರ್ ಮೂರು ಸಲ ಕೂಗುವವರೆಗೆ ಕಾಯುವಷ್ಟು ಹೊತ್ತೂ ಇದ್ದೇ ಇರುತ್ತದೆ.